ಹೊಸ ಅಕ್ಕಿಯ ಊಟ

ಬಂಟ್ವಾಳದ ಬೈಲುಗಳಲ್ಲಿ, ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ, ಮೂಡುಬಿದಿರೆಯ ಸುತ್ತಣ ಮಜಲು ಗದ್ದೆಗಳಲ್ಲಿ ಮಳೆಗಾಲದ ಏಣೆಲು ಬೆಳೆಯು ತಲೆಬಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಸುಮಾರಿಗೆ. ಆಗ ಮನೆಯ ಹಿರಿಯನು ಬೆಳಗಿನ ಜಾವದಲ್ಲಿ ಗದ್ದೆಗಿಳಿದು ಒಂದು ಹಿಡಿ ತೆನೆಯನ್ನು ಕೊಯ್ದು ತರುತ್ತಾನೆ. ಮಾವು, ಹಲಸು, ಬಿದಿರುಗಳ ಎಲೆಯೊಡನೆ ಅದನ್ನು ಸುತ್ತಿ ಮನೆಯ ಕಂಬಕ್ಕೆ, ನೇಗಿಲಿಗೆ, ತೆಂಗಿನ ಮರಕ್ಕೆ ಕಟ್ಟುವರು. ತುಳುವಿನಲ್ಲಿ ಇದು ಕುರಲ್ ಪರ್ಬ. ಅನಂತರ ಒಳ್ಳೆಯ ದಿನ ನೋಡಿ ಮಾಡುವ ಹೊಸ ಅಕ್ಕಿಯ ಊಟಕ್ಕೆ ಪುದ್ವಾರ್ ಎಂದು ಹೆಸರು.

ಈ ಅಡುಗೆಗೆ ಬೇಕಾದುದೆಲ್ಲ ಬಹುಮಟ್ಟಿಗೆ ಮನೆಯ ಸುತ್ತಲೇ ದೊರೆಯುತ್ತಿತ್ತು. ಮಳೆಗಾಲದ ಅಂಗಳದಂಚಿನಲ್ಲಿ ಬೆಂಡೆ, ಹೀರೆ, ಹರಿವೆ, ತೊಂಡೆ. ಹುಳಿಗೆ ಅಂಬಟೆ ಅಥವಾ ಬಿಂಬುಳಿ. ಅರೆಯುವುದಕ್ಕೂ ಹಾಲು ಹಿಂಡುವುದಕ್ಕೂ ತೆಂಗಿನಕಾಯಿ. ಒಗ್ಗರಣೆಗೆ ಅದರದೇ ಎಣ್ಣೆ. ಉಣ್ಣಲು ಬಾಳೆಯೆಲೆ. ಇವೆಲ್ಲಕ್ಕಿಂತ ಜಾಣತನದ ವಸ್ತುವೆಂದರೆ ಸೌತೆಕಾಯಿ. ಬೇಸಗೆಯ ಮುನ್ನ ಗದ್ದೆಯಲ್ಲಿ ಬೆಳೆದ ಬಣ್ಣದ ಸೌತೆಯನ್ನು ಬಾಳೆಯ ನಾರಿನಲ್ಲಿ ಬಿಗಿದು ಮಾಡಿನ ಜಂತಿಗೆ ತೂಗುಹಾಕಿದರೆ ಅದು ತಿಂಗಳುಗಟ್ಟಲೆ ಕೆಡದು. ಮಳೆಗಾಲದ ಹುಳಿಗೆ ಒದಗುವುದು. ಹಲಸಿನ ತೊಳೆಯೂ ಉಪ್ಪುನೀರಿನ ಭರಣಿಯಲ್ಲಿ ಹಾಗೆಯೇ ಕಾದಿರುತ್ತದೆ. ಆದರೆ ಎಲ್ಲವೂ ಊರಿನದೇ ಎಂದರೆ ಸುಳ್ಳಾದೀತು. ಮಸಾಲೆಗೆ ಕೆಂಪು ಬಣ್ಣ ಕೊಡುವ ಮೆಣಸು ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ ಘಟ್ಟವಿಳಿದು ಬರಬೇಕು.

ಅಡುಗೆಯಲ್ಲಿ ಕಷ್ಟದ ಕೆಲಸ ಅನ್ನದ್ದೇ. ಹೊಸ ಅಕ್ಕಿ ಹಳೆಯದರಂತೆ ಅರಳುವುದಿಲ್ಲ. ನೀರು ತುಸು ಹೆಚ್ಚಾದರೂ ಅಂಟಿಕೊಂಡು ಮುದ್ದೆಯಾಗುತ್ತದೆ. ಹೊಸತು ಸಾಲದಿದ್ದರೆ ಹಳೆಯ ಅಕ್ಕಿಯ ಎಸರಿಗೆ ಅದನ್ನಿಷ್ಟು ಬೆರೆಸುವುದುಂಟು. ಉಣ್ಣುವ ಮೊದಲು ಕಿರಿಯರು ಹಿರಿಯರನ್ನು ನೋಡಿ, 'ಹೊಸತು ಉಣ್ಣುತ್ತೇನೆ' ಎಂದು ಅಪ್ಪಣೆ ಕೇಳುವ ವಾಡಿಕೆಯೂ ಕೆಲವು ಮನೆಗಳಲ್ಲಿದೆ.

ಇದೇ ನೆಲದ ಕ್ರೈಸ್ತರಿಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುವರು. ಮೀನು ಮಾಂಸಗಳನ್ನು ಪ್ರೀತಿಯಿಂದ ಉಣ್ಣುವ ಮನೆಗಳಲ್ಲೂ ಅಂದು ಬರಿಯ ತರಕಾರಿಯ ಅಡುಗೆ. ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು.

ಈ ಊಟದ ಹಿಂದೆ ಇನ್ನೊಂದು ಲೆಕ್ಕವೂ ಇತ್ತು. ಇಲ್ಲಿಯ ಗದ್ದೆಗಳಲ್ಲಿ ಬಹಳಷ್ಟನ್ನು ಹಿಂದೆ ಉಳುತ್ತಿದ್ದವರು ಗೇಣಿಯ ಒಕ್ಕಲುಗಳು. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ದುಂಡಗೆ ಬಿಗಿದರೆ ಒಂದು ಮುಡಿ. ಗೇಣಿಯ ಮುಡಿಗಳು ಧಣಿಯ ಮನೆಯನ್ನು ಸೇರಿದ ಮೇಲೆ ಉಳಿದುದರಲ್ಲಿ ಒಕ್ಕಲಿನವನ ವರ್ಷ ಸಾಗಬೇಕಾಗಿತ್ತು. ಬೆಳೆದ ಅಕ್ಕಿಯನ್ನು ಹೊಟ್ಟೆತುಂಬ ಉಣ್ಣುವ ಒಂದು ದಿನಕ್ಕೆ ಅಂತಹ ಮನೆಯಲ್ಲಿ ಎಷ್ಟು ಬೆಲೆಯಿತ್ತೆಂಬುದನ್ನು ಊಹಿಸಬಹುದು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಅನೇಕ ಒಕ್ಕಲುಗಳು ಭೂಮಿಯ ಒಡೆಯರಾದರು.

ಒಡೆತನ ಬಂದಿತು, ಗದ್ದೆ ಮಾತ್ರ ಉಳಿಯಲಿಲ್ಲ. ನೇಜಿ ನೆಡಲು ಆಳು ಸಿಕ್ಕದು, ಸಿಕ್ಕಿದರೆ ಕೂಲಿ ಗಿಟ್ಟದು. ಅಡಕೆಗಾದರೋ ಬೆಲೆಯುಂಟು. ಬೈಲಿಗೆ ಮಣ್ಣು ತುಂಬಿ ಅಡಕೆ ನೆಟ್ಟವನನ್ನು ದೂರುವುದು ಸುಲಭ. ಅವನ ಖರ್ಚನ್ನು ಬರೆದು ನೋಡಿದವರು ಹಾಗೆ ದೂರಲಾರರು. ಗದ್ದೆಯೊಡನೆ ಕಯಮೆ, ಗಂಧಸಾಲೆಯಂತಹ ತಳಿಗಳೂ ವಿರಳವಾದವು. ಗಡಿಯಾಚೆ ಕಾಸರಗೋಡಿನ ನೆಟ್ಟಣಿಗೆಯಲ್ಲಿ ಕೃಷಿಕ ಸತ್ಯನಾರಾಯಣ ಬೆಳೇರಿಯವರು ಮಣ್ಣು ತುಂಬಿದ ಚೀಲಗಳಲ್ಲಿ ಬತ್ತ ನೆಟ್ಟು 650ಕ್ಕೂ ಹೆಚ್ಚು ತಳಿಗಳನ್ನು ಕಾಪಾಡಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಚೀಲದ ಬತ್ತದಿಂದ ಬಿತ್ತನೆಯ ಬೀಜ ಉಳಿದೀತು. ಊರಿಗೆ ಊಟ ಬಡಿಸಲು ಗದ್ದೆಯೇ ಬೇಕು.

ಗದ್ದೆಯಿಲ್ಲದ ಮನೆಗಳು ಹಬ್ಬವನ್ನು ಬಿಟ್ಟಿಲ್ಲ. ಬೆಂಡೆ, ಹರಿವೆಗಳು ಈಗಲೂ ಹಿತ್ತಲಿನವೇ. ತೆನೆಯನ್ನು ಮಾತ್ರ ದೇವಸ್ಥಾನದಲ್ಲೋ ಇಗರ್ಜಿಯಲ್ಲೋ ಹಂಚುವಾಗ ಕೈಯೊಡ್ಡಿ ಪಡೆದು ತರುವರು. ನಾಲ್ಕು ಕಾಳು ಸುಲಿದು, ಅಂಗಡಿಯ ಅಕ್ಕಿ ಕುದಿಯುತ್ತಿರುವ ಎಸರಿಗೆ ಹಾಕುವರು.