ಕರೀನಾ ನೀಹಾರಿಕೆಯ ಕೆಂಪು: ಎರಡು ಅವಧಿಯ ಒಂದು ಪಾಠ

ಒಂಬತ್ತನೇ ತರಗತಿಗೆ ನಾನು ಒಯ್ದದ್ದು ಅರೆಕೆರೆಯ ನಮ್ಮ ತಾರಸಿಯಿಂದ ತೆಗೆದ ಫೋಟೊ. ಮಾರ್ಚ್ ಮೊದಲ ವಾರ, ನಡುರಾತ್ರಿ ದಾಟಿತ್ತು. ದಕ್ಷಿಣದಲ್ಲಿ, ಬನ್ನೇರುಘಟ್ಟದ ಕಡೆ, ಕರೀನಾ ನೀಹಾರಿಕೆ ದಿಗಂತದಿಂದ ಬರೀ 17 ಡಿಗ್ರಿ ಮೇಲಿರುತ್ತದೆ. ಕೈಚಾಚಿ ಹಿಡಿದ ಎರಡು ಮುಷ್ಟಿಗಿಂತ ಕಡಿಮೆ. ಬೀದಿದೀಪಗಳ ನಡುವೆ ಕಣ್ಣಿಗೇನೂ ಕಾಣಲಿಲ್ಲ. 8 ಸೆಕೆಂಡಿನ 80 ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಕೆಂಪು ಮಸುಕೊಂದು ಮೂಡಿತು.

"ಮಿಸ್, ಈ ಬಣ್ಣ ನೀವು ಹಾಕಿದ್ದಾ?" ಎಂದಳು ಒಬ್ಬಳು.

ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಬಣ್ಣ ಹಾಕಿಲ್ಲ, ಇದ್ದದ್ದನ್ನು ಗಾಢ ಮಾಡಿದ್ದೇನೆ ಎಂದೆ. ಅಷ್ಟು ಸರಿ. ಆಮೇಲೆ ಹತ್ತಿಯುಂಡೆಗೆ ಟಾರ್ಚ್ ಬಿಟ್ಟು, ನಕ್ಷತ್ರ ಮೋಡವನ್ನು ಹೀಗೆ ಬೆಳಗುತ್ತದೆ ಎಂದದ್ದು ತಪ್ಪು. ಹತ್ತಿ ತನ್ನ ಮೇಲೆ ಬಿದ್ದ ಬೆಳಕನ್ನೇ ಚದುರಿಸುತ್ತದೆ. ಅದು ಪ್ರತಿಫಲನ ನೀಹಾರಿಕೆ. ಕರೀನಾ ಉತ್ಸರ್ಜನ ನೀಹಾರಿಕೆ.

ಮರುದಿನ ನಿಯಾನ್ ದೀಪವಿರುವ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ದೆ. ಆ ಪುಟ್ಟ ದೀಪದಲ್ಲಿ ಅನಿಲವೇ ಹೊಳೆಯುತ್ತದೆ. ಅದನ್ನು ಕೆಣಕುವುದು ಇಲ್ಲಿ ವಿದ್ಯುತ್ತು, ಕರೀನಾದಲ್ಲಿ ಬಿಸಿ ನಕ್ಷತ್ರಗಳ ನೇರಳಾತೀತ ಕಿರಣ. ಆ ಕಿರಣ ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಬಿಡುತ್ತದೆ. ಎಲೆಕ್ಟ್ರಾನ್ ಮರಳಿ ಸೇರಿ ಮೆಟ್ಟಿಲಿಳಿದಂತೆ ಇಳಿಯುವಾಗ, ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಬಂದಾಗ, 656 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕು ಹೊರಡುತ್ತದೆ. (ಮಟ್ಟಗಳನ್ನು ಕಪ್ಪುಹಲಗೆಯ ಮೇಲೆ ಮೆಟ್ಟಿಲಾಗಿಯೇ ಬರೆದೆ.)

"ಹಾಗಾದರೆ ದೂರದರ್ಶಕದಲ್ಲಿ ನೋಡಿದರೆ ಕೆಂಪಾಗಿ ಕಾಣುತ್ತಾ?" ಅದೇ ಹುಡುಗಿ.

ಕಾಣುವುದಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸದು. ಬೂದು ಮೋಡವಷ್ಟೇ ಕಂಡೀತು.

ಬೋಧನೋಪಕರಣಗಳ ಪಟ್ಟಿಯಿಂದ ಹತ್ತಿಯನ್ನು ತೆಗೆದಿಲ್ಲ. ನಿಯಾನ್ ದೀಪದ ಪಕ್ಕದಲ್ಲೇ ಇಟ್ಟು, ಕಿಟಕಿ ಮುಚ್ಚಿ, ಟಾರ್ಚ್ ಆರಿಸುತ್ತೇನೆ.