ಸಣ್ಣ ವಿಮಾನದ ಒಡೆತನ: ಸುರಕ್ಷತೆ, ಅಪಾಯ ಮತ್ತು ನಿರ್ವಹಣಾ ವೆಚ್ಚದ ಲೆಕ್ಕಾಚಾರ

ಉದ್ಯಮದ ವ್ಯಾಪ್ತಿ ಹಿಗ್ಗಿದಂತೆ ಸ್ವಂತ ವಿಮಾನವೊಂದನ್ನು ಹೊಂದುವ ವಿಚಾರವು ನಮ್ಮ ಸದಸ್ಯರಲ್ಲಿ ಕೆಲವರ ಮನಸ್ಸಿನಲ್ಲಿ ಸುಳಿಯುವುದುಂಟು. ಕೆಲವು ಕಾಲದ ಹಿಂದೆ ನನ್ನ ಕಕ್ಷಿದಾರರೊಬ್ಬರು ನಾಲ್ಕು ಆಸನಗಳ, ಒಂದೇ ಇಂಜಿನ್ನಿನ ಹಳೆಯ ವಿಮಾನವನ್ನು ಕೊಳ್ಳುವ ಪ್ರಸ್ತಾವದೊಂದಿಗೆ ನನ್ನ ಕಛೇರಿಗೆ ಬಂದರು. ಅವರು ಸಿದ್ಧಪಡಿಸಿದ್ದ ಅಂದಾಜು ಪಟ್ಟಿಯಲ್ಲಿ ಖರೀದಿ ಬೆಲೆ, ಇಂಧನ, ಪೈಲಟ್‌ನ ವೇತನ, ವಿಮೆ ಎಲ್ಲವೂ ಇದ್ದವು. ಇಂಜಿನ್ನಿನ ಓವರ್‌ಹಾಲ್‌ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ವಿಚಾರಿಸಿದಾಗ, "ಅದು ಬಂದಾಗ ನೋಡಿಕೊಂಡರಾಯಿತು ಸಾರ್" ಎಂದರು. ಆ ವಿಮಾನದಲ್ಲಿ ಕುಳಿತು ಹಾರಬೇಕಾಗಿದ್ದವರು ಅವರು ಮತ್ತು ಅವರ ಇಬ್ಬರು ಮಕ್ಕಳು. ಆ ಒಂದು ಮಾತಿನಲ್ಲಿ ಅಡಗಿರುವ ಅಪಾಯವನ್ನು ಲೆಕ್ಕಪತ್ರದ ದೃಷ್ಟಿಯಿಂದ ವಿವೇಚಿಸುವುದೇ ಈ ಲೇಖನದ ಉದ್ದೇಶ.

1. ವೆಚ್ಚದ ಸ್ವರೂಪ

ಸೆಸ್ನಾ 172 ವಿಮಾನವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. 1956ರಲ್ಲಿ ಮಾರುಕಟ್ಟೆಗೆ ಬಂದ ಈ ನಾಲ್ಕು ಆಸನಗಳ ವಿಮಾನವು ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವೆಂಬ ಹೆಗ್ಗಳಿಕೆಗೆ ಪಾತ್ರವಾಗಿದೆ. ಇದರ 172ಎಸ್ ಮಾದರಿಯಲ್ಲಿ 180 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್ ಇದೆ. ಈ ಬಗೆಯ ಇಂಜಿನ್ನನ್ನು 2,000 ಗಂಟೆಗಳ ಹಾರಾಟ ಅಥವಾ 12 ವರ್ಷ, ಇವೆರಡರಲ್ಲಿ ಯಾವುದು ಮೊದಲೋ ಆಗ ಓವರ್‌ಹಾಲ್ ಮಾಡಿಸಬೇಕೆಂಬುದು ತಯಾರಕರ ಸಲಹೆ.

ವಿಮಾನದ ವೆಚ್ಚದಲ್ಲಿ ಎರಡು ಬಗೆ. ವಿಮೆ, ಹ್ಯಾಂಗರ್ ಬಾಡಿಗೆ, ವಾರ್ಷಿಕ ತಪಾಸಣೆ, ವಾಯುಯೋಗ್ಯತೆಯ ಪ್ರಮಾಣಪತ್ರಗಳ ನವೀಕರಣ ಮುಂತಾದವು ಸ್ಥಿರ ವೆಚ್ಚ. ವಿಮಾನ ನೆಲದ ಮೇಲೆ ನಿಂತಿದ್ದರೂ ಇವು ತಪ್ಪವು. ಇಂಧನ, ತೈಲ, ಟಯರು, ಬ್ರೇಕು ಇತ್ಯಾದಿ ಹಾರಾಟಕ್ಕೆ ಅನುಗುಣವಾಗಿ ಏರುವ ಚರ ವೆಚ್ಚ. ಲೆಕ್ಕಕ್ಕಾಗಿ ಸ್ಥಿರ ವೆಚ್ಚವನ್ನು ವರ್ಷಕ್ಕೆ ರೂ. 12 ಲಕ್ಷವೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 200 ಗಂಟೆ ಹಾರಿದರೆ ಗಂಟೆಯೊಂದಕ್ಕೆ ಬೀಳುವ ಸ್ಥಿರ ವೆಚ್ಚ ರೂ. 6,000, ಕೇವಲ 50 ಗಂಟೆ ಹಾರಿದರೆ ರೂ. 24,000. ಕಡಿಮೆ ಹಾರಿದರೆ ಖರ್ಚು ಕಡಿಮೆಯೆಂಬ ಭಾವನೆ ಇಲ್ಲಿಯೇ ಹುಸಿಯಾಗುತ್ತದೆ.

2. ಪ್ರತಿ ಗಂಟೆಯೂ ಒಂದು ಸಾಲ

ಈ ಎರಡು ಬಗೆಗಳ ನಡುವೆ ಮೂರನೆಯದೊಂದಿದೆ. ಅದೇ ಓವರ್‌ಹಾಲ್. ಇದರ ಬಿಲ್ಲು ಒಂದು ದಿನ ಬರುತ್ತದೆ. ಆದರೆ ವೆಚ್ಚವು ಆ ದಿನ ಹುಟ್ಟಿದ್ದಲ್ಲ. ಹಾರಿದ ಪ್ರತಿ ಗಂಟೆಯೂ ಇಂಜಿನ್ನಿನಿಂದ ಪಡೆದ ಸಾಲವೇ. ಓವರ್‌ಹಾಲ್‌ಗೆ ರೂ. 40 ಲಕ್ಷ ಬೇಕೆಂದು ಭಾವಿಸಿದರೆ, 2,000 ಗಂಟೆಗೆ ಹಂಚಿದಾಗ ಗಂಟೆಗೆ ರೂ. 2,000 ತೆಗೆದಿಡಬೇಕಾಗುತ್ತದೆ.

ಇಷ್ಟನ್ನು ಅನೇಕರು ಬಲ್ಲರು. ಅವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ವರ್ಷಕ್ಕೆ 50 ಗಂಟೆ ಹಾರುವವರು 12 ವರ್ಷಗಳಲ್ಲಿ ಹಾರುವುದು 600 ಗಂಟೆ ಮಾತ್ರ. ಗಂಟೆಗೆ ರೂ. 2,000ದಂತೆ ಆಗ ಕೂಡಿರುವುದು ರೂ. 12 ಲಕ್ಷ, ಕೊರತೆ ರೂ. 28 ಲಕ್ಷ. ಆದುದರಿಂದ ವರ್ಷಕ್ಕೆ ಸುಮಾರು 167 ಗಂಟೆಗಿಂತ ಕಡಿಮೆ ಹಾರುವವರು ಗಂಟೆಯ ಲೆಕ್ಕವನ್ನು ಬಿಟ್ಟು ವರ್ಷದ ಲೆಕ್ಕವನ್ನು ಹಿಡಿಯಬೇಕು. ಈ ಉದಾಹರಣೆಯಲ್ಲಿ ಅದು ವರ್ಷಕ್ಕೆ ಸುಮಾರು ರೂ. 3.33 ಲಕ್ಷ.

ವರ್ಷದ ಮಿತಿ ಕೇವಲ ಕಾಗದದ ನಿಯಮವಲ್ಲ. ನಿಂತ ಇಂಜಿನ್ನಿನಲ್ಲಿ ತೈಲ ಕೆಳಗಿಳಿದು, ತೇವಾಂಶಕ್ಕೆ ಒಳಭಾಗಗಳು ತುಕ್ಕು ಹಿಡಿಯುತ್ತವೆ. ಲೈಕಮಿಂಗ್ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುವುದರಿಂದ ಈ ತೊಂದರೆ ಇನ್ನೂ ಹೆಚ್ಚು. "ಕಡಿಮೆ ಓಡಿದೆ" ಎಂಬ ಮಾತಿಗೆ ಮರುಳಾಗಿ ವರ್ಷಗಟ್ಟಲೆ ನಿಂತ ವಿಮಾನವನ್ನು ಕೊಂಡವರು ಬೆಲೆಯಲ್ಲಿ ಉಳಿಸಿದ್ದನ್ನು ದುರಸ್ತಿಯಲ್ಲಿ ಕಳೆದುಕೊಳ್ಳುವ ಸಂಭವವೇ ಹೆಚ್ಚು.

3. ಲೆಕ್ಕಪತ್ರ ಮಾನದಂಡಗಳು ಏನನ್ನುತ್ತವೆ?

ಕಂಪನಿಯ ಹೆಸರಿನಲ್ಲಿ ವಿಮಾನ ಕೊಳ್ಳುವವರು ಒಂದು ವಿಚಾರವನ್ನು ಗಮನಿಸಬೇಕು. ಭಾರತೀಯ ಲೆಕ್ಕಪತ್ರ ಮಾನದಂಡ 37ರ ಪ್ರಕಾರ, ಕಾನೂನಿನಂತೆ ಕಡ್ಡಾಯವಾಗಿದ್ದರೂ ಭವಿಷ್ಯದ ಓವರ್‌ಹಾಲ್‌ಗಾಗಿ ಇಂದೇ ಪ್ರಾವಿಷನ್ ಮಾಡುವಂತಿಲ್ಲ. ವಿಮಾನವನ್ನು ಮಾರಿಬಿಟ್ಟರೆ ಆ ವೆಚ್ಚವೇ ತಪ್ಪುತ್ತದೆಂಬುದು ಅದರ ತರ್ಕ. ಬದಲಾಗಿ ಮಾನದಂಡ 16ರಂತೆ ವಿಮಾನವನ್ನು ಬಿಡಿಭಾಗಗಳಾಗಿ ವಿಂಗಡಿಸಿ, ಓವರ್‌ಹಾಲ್‌ನ ವೆಚ್ಚವನ್ನು ಆಸ್ತಿಯಾಗಿ ದಾಖಲಿಸಿ, ಮುಂದಿನ ಓವರ್‌ಹಾಲ್‌ನವರೆಗೆ ಸವಕಳಿ ಕಳೆಯಲಾಗುತ್ತದೆ.

ಇದು ಸರಿಯಾದ ಲೆಕ್ಕಪತ್ರವೇ ಹೌದು. ಆದರೆ ಸವಕಳಿಯೆಂಬುದು ನಗದಲ್ಲ. ಅಢಾವೆ ಪತ್ರಿಕೆ ಎಷ್ಟೇ ಶುದ್ಧವಾಗಿದ್ದರೂ ಬ್ಯಾಂಕಿನಲ್ಲಿ ಹಣವಿರಬೇಕೆಂಬ ನಿಯಮವಿಲ್ಲ. ಅದೇ ರೀತಿ, 1961ರ ಆದಾಯ ತೆರಿಗೆ ಕಾಯಿದೆಯಡಿಯ ನಿಯಮಗಳು ವಿಮಾನಕ್ಕೆ ನೀಡಿದ್ದ ಶೇ. 40ರ ಸವಕಳಿಯನ್ನು ಕಂಡು ಆಕರ್ಷಿತರಾದವರಿದ್ದಾರೆ. ಅದು ತೆರಿಗೆಯನ್ನು ಇಳಿಸಿತೇ ಹೊರತು ಇಂಜಿನ್ನಿನ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸ್ವಂತ ಉಪಯೋಗದ ವಿಮಾನದ ಮೇಲಿನ ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿಸಲಾಯಿತು. ಪ್ರಯಾಣಿಕರ ಸಾಗಣೆ, ಸರಕು ಸಾಗಣೆ, ಹಾರಾಟ ತರಬೇತಿಯಂತಹ ನಿರ್ದಿಷ್ಟ ವ್ಯವಹಾರಗಳಿಗೆ ಹೊರತು ಹೂಡುವಳಿ ತೆರಿಗೆಯ ಜಮೆಯೂ ದೊರೆಯದು. ವಿಮೆ ಮತ್ತು ದುರಸ್ತಿಯ ಮೇಲಿನ ತೆರಿಗೆಗೂ ಇದೇ ನಿರ್ಬಂಧ. ಆದ್ದರಿಂದ ಅಂದಾಜು ಪಟ್ಟಿಯನ್ನು ತೆರಿಗೆ ಸೇರಿಸಿಯೇ ತಯಾರಿಸಬೇಕು.

ಓವರ್‌ಹಾಲ್‌ನ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ತಿಂಗಳು ತಿಂಗಳು ಜಮೆ ಮಾಡುವುದು ಕಾನೂನಿನ ಅಗತ್ಯವಲ್ಲ, ಮಾಲೀಕನ ಶಿಸ್ತು.

4. ಹೆಚ್ಚು ಖರ್ಚು ಮಾಡಿದರೆ ಹೆಚ್ಚು ಸುರಕ್ಷತೆಯೇ?

ಹಾಗೆಂದು ಕಂಡದ್ದನ್ನೆಲ್ಲ ಬಿಚ್ಚಿಸಿ ಬದಲಾಯಿಸುವುದೂ ವಿವೇಕವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಿಜ್ಞಾನಿ ಸಿ. ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು ಕರಾವಳಿ ಪಡೆಯ ವಿಮಾನಗಳ ದಾಖಲೆಗಳನ್ನು ಪರಿಶೀಲಿಸಿದಾಗ, ನಿಗದಿತ ತಪಾಸಣೆ ಮುಗಿದ ಕೂಡಲೇ ಕೆಡುಕುಗಳು ಹೆಚ್ಚಾಗಿ ಕಾಣಿಸಿಕೊಂಡು ಕ್ರಮೇಣ ಇಳಿಯುತ್ತಿದ್ದುದು ಕಂಡುಬಂದಿತು. ಚೆನ್ನಾಗಿದ್ದುದನ್ನು ಅನಗತ್ಯವಾಗಿ ಬಿಚ್ಚಿದ್ದೇ ತೊಂದರೆಗೆ ದಾರಿಯಾಗಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ ಎಂಬವರು ಸಿದ್ಧಪಡಿಸಿದ ವರದಿಯೂ ಇದನ್ನೇ ಪುಷ್ಟೀಕರಿಸಿತು. ಅವರು ಅಭ್ಯಸಿಸಿದ ಬಿಡಿಭಾಗಗಳಲ್ಲಿ ಶೇ. 11 ಮಾತ್ರ ವಯಸ್ಸಾದಂತೆ ಸವೆದು ಕೆಡುವಂಥವು, ಶೇ. 68ರಷ್ಟು ಹೊಸದಾಗಿ ಜೋಡಿಸಿದ ಆರಂಭದಲ್ಲೇ ಕೆಡುವ ಸಂಭವ ಹೆಚ್ಚಿದ್ದಂಥವು. ಆದರೆ ಪಿಸ್ಟನ್ ಇಂಜಿನ್ ಸವೆಯುವ ಗುಂಪಿಗೆ ಸೇರುವುದರಿಂದ ಓವರ್‌ಹಾಲ್‌ನ ನಿಧಿಗೆ ಇದರಿಂದ ವಿನಾಯಿತಿಯಿಲ್ಲ.

ಆದುದರಿಂದ ಮೊದಲು ಪರೀಕ್ಷೆಗೆ ಖರ್ಚು ಮಾಡಬೇಕು, ಅನಂತರ ಬದಲಾವಣೆಗೆ. ತೈಲದ ಶೋಧಕವನ್ನು ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡುವುದು, ಸಿಲಿಂಡರ್‌ಗಳ ಒತ್ತಡವನ್ನು ಅಳೆಯುವುದು, ಬೋರೋಸ್ಕೋಪ್‌ನಿಂದ ಒಳಗಿನ ವಾಲ್ವುಗಳನ್ನು ವೀಕ್ಷಿಸುವುದು, ಇವು ಅಲ್ಪ ವೆಚ್ಚದಲ್ಲಿ ಮುನ್ಸೂಚನೆ ನೀಡುವ ಕ್ರಮಗಳು. ನಿಯಮಗಳಲ್ಲಿ ಕಡ್ಡಾಯವಾದದ್ದನ್ನಂತೂ ಬಿಡುವ ಪ್ರಶ್ನೆಯೇ ಇಲ್ಲ.

5. ಅಪಾಯಕ್ಕೆ ತಕ್ಕಂತೆ ಹಣದ ಹಂಚಿಕೆ

ಅಮೆರಿಕದ ಅಂಕಿ-ಅಂಶಗಳನ್ನು ನೋಡಿದರೆ ಸಣ್ಣ ವಿಮಾನಗಳ ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲು ಪೈಲಟ್‌ನ ನಿರ್ಧಾರ ಅಥವಾ ಕೌಶಲಕ್ಕೆ ಸಂಬಂಧಿಸಿದವು. ಆದುದರಿಂದ ವೆಚ್ಚದ ಆದ್ಯತೆ ಹೀಗಿರಬೇಕು:

ಅ) ಇಂಜಿನ್, ಇಂಧನ ವ್ಯವಸ್ಥೆ, ನಿಯಂತ್ರಣ ಕೇಬಲ್‌ಗಳು, ಬ್ರೇಕುಗಳು. ಇಲ್ಲಿ ಮುಂದೂಡಿಕೆ ಸಲ್ಲದು.

ಆ) ಪೈಲಟ್‌ನ ನಿಯಮಿತ ಪುನರ್ ತರಬೇತಿ. ಬಹುತೇಕ ಪಟ್ಟಿಗಳಲ್ಲಿ ಕಾಣದ ಬಾಬು ಇದೇ.

ಇ) ಬಣ್ಣ, ಆಸನದ ಹೊದಿಕೆ, ಹೊಸ ಪರದೆಗಳು. ಹಣ ಉಳಿದರೆ ಮಾತ್ರ.

ವಿಮೆಯಿರುವುದರಿಂದ ನಿಶ್ಚಿಂತೆಯೆನ್ನುವವರು ಪಾಲಿಸಿಯ ಷರತ್ತುಗಳನ್ನು ಓದಬೇಕು. ವಾಯುಯೋಗ್ಯತೆಯ ಪ್ರಮಾಣಪತ್ರ ಮತ್ತು ಪೈಲಟ್‌ನ ಪರವಾನಗಿ ಊರ್ಜಿತವಾಗಿಲ್ಲದಿದ್ದರೆ ಕ್ಲೇಮು ತಿರಸ್ಕೃತವಾಗಬಹುದು. ಮಿಗಿಲಾಗಿ, ವಿಮೆಯು ಹಣವನ್ನು ತುಂಬಿಕೊಡಬಲ್ಲುದು, ಮನುಷ್ಯರನ್ನಲ್ಲ.

ಕೊನೆಯದಾಗಿ ಆಂತರಿಕ ನಿಯಂತ್ರಣದ ಒಂದು ಮೂಲತತ್ತ್ವ. ನಗದು ಹಿಡಿಯುವವನೇ ಲೆಕ್ಕ ಬರೆಯಬಾರದೆಂದು ನಾವು ಹೇಳುತ್ತೇವಲ್ಲವೇ? ಹಾಗೆಯೇ, ಬಿಲ್ಲು ಪಾವತಿಸುವವನೇ ವಿಮಾನ ಹಾರಲು ಯೋಗ್ಯವೋ ಅಲ್ಲವೋ ಎಂದು ತೀರ್ಮಾನಿಸಬಾರದು. ಇಂಜಿನಿಯರ್ "ನಿಲ್ಲಿಸಿ" ಎಂದರೆ ಮಾಲೀಕನ ಸಹಿಗೆ ಅದನ್ನು ಮೀರುವ ಅಧಿಕಾರವಿರಕೂಡದು. ನಿಧಿ ಮೊದಲೇ ತುಂಬಿದ್ದರೆ ಈ ನಿಯಮದ ಪಾಲನೆ ಸುಲಭ. ಜೇಬು ಬರಿದಾಗಿದ್ದಾಗ "ಇನ್ನು ಹತ್ತು ಗಂಟೆ ಹಾರಲಿ" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ.

ಉಪಸಂಹಾರ

ನನ್ನ ಕಕ್ಷಿದಾರರು ಪಟ್ಟಿಗೆ ಓವರ್‌ಹಾಲ್, ತೆರಿಗೆ ಮತ್ತು ಮರುತರಬೇತಿಯ ಸಾಲುಗಳನ್ನು ಸೇರಿಸಿ, ತಾವು ವರ್ಷಕ್ಕೆ 50 ಗಂಟೆಗಿಂತ ಹೆಚ್ಚು ಹಾರುವುದಿಲ್ಲವೆಂದು ಕಂಡುಕೊಂಡು, ಬೇಕಾದಾಗ ಬಾಡಿಗೆ ವಿಮಾನ ಪಡೆಯಲು ನಿಶ್ಚಯಿಸಿದರು. ಹೆಚ್ಚು ಹಾರುವವರಿಗೆ ಅಥವಾ ಮೂರು ನಾಲ್ಕು ಮಂದಿ ಕೂಡಿ ಕೊಳ್ಳುವವರಿಗೆ ಉತ್ತರ ಬೇರೆಯಾಗಬಹುದು. ಉತ್ತರ ಯಾವುದೇ ಇರಲಿ, ಪಟ್ಟಿ ಪೂರ್ಣವಾಗಿರಬೇಕು.

ವಿಮಾನ ಕೊಳ್ಳುವವರು ನಮ್ಮಲ್ಲಿ ವಿರಳ. ಆದರೆ ಬಾಯ್ಲರ್, ಲಾರಿ, ಲಿಫ್ಟು, ಟ್ರಾನ್ಸ್‌ಫಾರ್ಮರ್ ಇಲ್ಲದ ಸದಸ್ಯರೂ ವಿರಳವೇ. ಇವುಗಳ ಪಕ್ಕದಲ್ಲಿ ಪ್ರತಿದಿನ ನಮ್ಮ ಕೆಲಸಗಾರರು ನಿಲ್ಲುತ್ತಾರೆ. ಸುರಕ್ಷತೆಯ ತೀರ್ಮಾನವು ಬಿಲ್ಲು ಬಂದ ದಿನ ಆಗುವುದಲ್ಲ, ಹಣ ತೆಗೆದಿಟ್ಟ ದಿನವೇ ಆಗಿರುತ್ತದೆ. ಈ ವರ್ಷದ ಆಯವ್ಯಯದಲ್ಲಿ ಆ ಸಾಲು ಇದೆಯೇ ಎಂಬುದನ್ನು ಸದಸ್ಯರು ಒಮ್ಮೆ ಪರಿಶೀಲಿಸುವುದು ಒಳಿತು.