ಟಿ.ವಿ. ಕೊಳ್ಳುವಾಗ ನೋಡಬೇಕಾದ ಎರಡು ಅಂಕಿಗಳು



ಹೋದ ತಿಂಗಳು ನಮ್ಮ ಮನೆಯ ಹಳೇ ಟಿ.ವಿ. ಕೆಟ್ಟುಹೋಯಿತು. ಅಮ್ಮ ಡೇರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು ತಗೊಂಡು ಅಪ್ಪನ ಜೊತೆ ನಾನೂ ಪೇಟೆಗೆ ಹೋದೆ. ಅಂಗಡಿಯವರು “60 ಹರ್ಟ್ಸ್ ಬೇಡ ಯಜಮಾನ್ರೇ, 120 ತಗೊಳ್ಳಿ, ರೆಸ್ಪಾನ್ಸ್ ಟೈಮೂ ಕಮ್ಮಿ” ಅಂದರು. ಬೆಲೆ ಮಾತ್ರ ಬಹಳ ಜಾಸ್ತಿ! ಅಪ್ಪ ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಬರಿಗೈಲಿ ಬಂದೆವು. ಮಾರನೇ ದಿನ ವಿಜ್ಞಾನದ ಮೇಷ್ಟ್ರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ರಿಫ್ರೆಶ್ ರೇಟ್: ನೋಟ್‌ಬುಕ್ಕಿನ ಮೂಲೆಯಲ್ಲಿ ಹಾಳೆಗೊಂದು ಚಿತ್ರ ಬರೆದು ಸರ್ರನೆ ತಿರುವಿದರೆ ಗೊಂಬೆ ಓಡುತ್ತದಲ್ಲವೇ? ಟಿ.ವಿ.ಯೂ ಹಾಗೇ. ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೋ ಅದೇ ರಿಫ್ರೆಶ್ ರೇಟ್. 60 ಹರ್ಟ್ಸ್ ಎಂದರೆ 60 ಸಲ.

2. ರೆಸ್ಪಾನ್ಸ್ ಟೈಮ್: ಪರದೆಯ ತುಂಬ ಪಿಕ್ಸೆಲ್ ಎಂಬ ಚುಕ್ಕಿಗಳಿವೆ. ಒಂದು ಚುಕ್ಕಿ ಬಣ್ಣ ಬದಲಿಸಲು ಹಿಡಿಯುವ ಕಾಲವೇ ರೆಸ್ಪಾನ್ಸ್ ಟೈಮ್. ಸ್ಲೇಟನ್ನು ಸರಿಯಾಗಿ ಒರೆಸದೆ ಬರೆದರೆ ಹಳೇ ಅಕ್ಷರವೂ ಕಾಣುತ್ತದಲ್ಲ? ಹಾಗೆಯೇ ಚುಕ್ಕಿ ನಿಧಾನವಾದರೆ ಓಡುವ ಚೆಂಡಿನ ಹಿಂದೆ ಬಾಲ ಕಾಣುತ್ತದೆ. ಈ ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು.

ಲೆಕ್ಕ: ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡು. 1000 ÷ 60 = ಸುಮಾರು 16.7. 1000 ÷ 120 = ಸುಮಾರು 8.3. ಒಂದೊಂದು ಚಿತ್ರಕ್ಕೆ ಸಿಗುವುದು ಇಷ್ಟೇ ಕಾಲ. ಅಷ್ಟರೊಳಗೆ ಚುಕ್ಕಿ ಬದಲಾಗದಿದ್ದರೆ 120 ಹರ್ಟ್ಸ್ ಇದ್ದರೂ ಪೂರ್ತಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ನಮ್ಮ ದೇಶದ ಟಿ.ವಿ. ಪ್ರಸಾರದಲ್ಲಿ 25 ಪೂರ್ಣ ಚಿತ್ರ ಇರುತ್ತವೆ. 120 ಹರ್ಟ್ಸ್ ಟಿ.ವಿ. ಅವನ್ನೇ ಮತ್ತೆ ಮತ್ತೆ ತೋರಿಸುತ್ತದೆ, ಇಲ್ಲವೇ ನಡುವಿನ ಚಿತ್ರಗಳನ್ನು ತಾನೇ ಮಾಡಿಕೊಳ್ಳುತ್ತದೆ. ವೇಗದ ವಿಡಿಯೋ ಗೇಮ್ ಆಡುವವರಿಗೆ ಅದು ನಿಜವಾಗಿ ಉಪಯೋಗ. ನಮ್ಮ ಮನೆಯಲ್ಲಿ ನೋಡುವುದು ಧಾರಾವಾಹಿ, ವಾರ್ತೆ, ಕ್ರಿಕೆಟ್.

ಮುಂದಿನ ಸಂತೆಯ ದಿನ ಮತ್ತೆ ಹೋದೆವು. 60 ಹರ್ಟ್ಸ್‌ನ ಎರಡು ಟಿ.ವಿ.ಗಳಲ್ಲಿ ಒಂದೇ ವಾರ್ತಾ ಚಾನೆಲ್ ಹಾಕಿಸಿ, ಕೆಳಗೆ ಓಡುವ ಅಕ್ಷರಗಳನ್ನು ನೋಡಿದೆವು. ಒಂದರಲ್ಲಿ ಮಸುಕು, ಇನ್ನೊಂದರಲ್ಲಿ ಸ್ಪಷ್ಟ. ಸ್ಪಷ್ಟವಾಗಿದ್ದುದನ್ನೇ ತಂದೆವು. ಉಳಿದ ದುಡ್ಡಿನಲ್ಲಿ ಅಮ್ಮ ಹಸುವಿಗೆ ಹಿಂಡಿ, ಬೂಸಾ ತರಿಸಿದರು.

ಗೆಳೆಯರೇ, ನಿಮ್ಮ ಮನೆಯಲ್ಲಿ ಟಿ.ವಿ. ತರುವಾಗ ಓಡುವ ಅಕ್ಷರಗಳನ್ನು ನೋಡಲು ಮರೆಯಬೇಡಿ. ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ